ಪಕ್ಕದ ಸೀಟಿನ ಕೆಳಗಿನ ರಬ್ಬರು

ಹೊಟ್ಟೆಕಿಚ್ಚು ಎಲ್ಲರಿಗೂ ಇರುತ್ತದೆ. ನನಗೂ ಇದೆ. ಎದುರು ಸಾಲಿನ ಟೈರ್ ಅಂಗಡಿಯವನು ದೊಡ್ಡ ಬೋರ್ಡು ಹಾಕಿಸಿದ ದಿನ ನನಗೆ ಊಟ ರುಚಿಸಲಿಲ್ಲ. ಆದರೆ ನಮ್ಮ ನಿಮ್ಮ ಹೊಟ್ಟೆಕಿಚ್ಚೆಲ್ಲ ಬದುಕಿರುವವರ ಮೇಲೆ. ಅವರಿಗೂ ಏನಾದರೂ ಕಷ್ಟ ಬಂತು ಅಂದರೆ ತಾನಾಗಿ ತಣ್ಣಗಾಗುತ್ತದೆ. ಅವನ ಬೋರ್ಡು ಗಾಳಿಗೆ ಹಾರಿ ಹೋದಾಗ ಹಿಡಿದು ತಂದು ಕೊಟ್ಟವನು ನಾನೇ. ಪಕ್ಕದ ಶೆಡ್ಡಿನ ದಾರದ ಮೇಸ್ತ್ರಿಯದು ಮಾತ್ರ ಆ ಜಾತಿಯದಲ್ಲ. ಅವನು ಸತ್ತವನೊಬ್ಬನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದ. ಸತ್ತವನಿಗೆ ಇನ್ನೇನು ಕಷ್ಟ ಬರಬೇಕು? ಹಾಗಾಗಿ ಅದು ಆರುವ ದಾರಿಯೇ ಇರಲಿಲ್ಲ.

ಅವನ ಶೆಡ್ಡಿಗೂ ನನ್ನ ಶೆಡ್ಡಿಗೂ ನಡುವೆ ಒಂದೇ ತಗಡಿನ ಗೋಡೆ. ನಾನು ಸವೆದ ಟೈರಿಗೆ ಹೊಸ ರಬ್ಬರು ಕೂರಿಸುವವನು. ಅವನು ಲಾರಿಗಳ ಚಾಸಿ ರಿಪೇರಿ ಮಾಡುವವನು. ಚಾಸಿ ಅಂದರೆ ಲಾರಿಯ ಬೆನ್ನೆಲುಬು. ಉದ್ದಕ್ಕೆ ಎರಡು ಕಬ್ಬಿಣದ ತೊಲೆ, ಅವನ್ನು ಹಿಡಿದಿಡಲು ಅಲ್ಲಲ್ಲಿ ಅಡ್ಡಪಟ್ಟಿ. ಎಂಜಿನ್ನು, ಕ್ಯಾಬಿನ್ನು, ಹಿಂದಿನ ಮರದ ಬಾಡಿ ಎಲ್ಲವೂ ಕೂರುವುದು ಅದರ ಮೇಲೆ. ಅದು ಸೊಟ್ಟಗಾದರೆ, ಬಿರುಕು ಬಿಟ್ಟರೆ ಡ್ರೈವರುಗಳು ಸೀದಾ ಇವನ ಹತ್ತಿರ ಬರುತ್ತಿದ್ದರು. ಇವನು ಬಂದ ಲಾರಿಗೆ ಮೊದಲು ಸ್ಪ್ಯಾನರ್ ಹಾಕುತ್ತಿರಲಿಲ್ಲ. ಜೇಬಿನಿಂದ ದಾರದ ಉಂಡೆ ತೆಗೆದು ಚಾಸಿಯ ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ ಎಳೆದು ಗಂಟು ಹಾಕುತ್ತಿದ್ದ. ಅದೇ ದಾರವನ್ನು ಇನ್ನೆರಡು ಮೂಲೆಗಳಿಗೆ ಎಳೆದಾಗ ಗಂಟು ಸರಿಯಾಗಿ ಮೂಲೆಗೇ ಬಂದರೆ ಚಾಸಿ ನೆಟ್ಟಗಿದೆ ಎಂದು ಅರ್ಥ. ಬರದಿದ್ದರೆ ಡ್ರೈವರ್ ಏನೇ ಬೊಗಳಲಿ, "ದಾರ ಬೇರೆ ಹೇಳ್ತಾ ಇದೆ" ಎಂದು ಕಡ್ಡಿ ಮುರಿದಂತೆ ಹೇಳಿಬಿಡುತ್ತಿದ್ದ. ಮಂಚ, ಕಿಟಕಿ, ಮಗಳ ಓದುವ ಮೇಜು ಎಲ್ಲಕ್ಕೂ ದಾರ ಹಿಡಿದವನು ಅವನು. ಒಮ್ಮೆ ನನ್ನ ಶೆಡ್ಡಿನ ಬಾಗಿಲಿಗೂ ಹಿಡಿದು, "ಇದು ಬಾಗಿಲಲ್ಲ, ಬಾಗಿಲಿನ ಅಣಕ" ಅಂದಿದ್ದ. ಆ ವಾರವೆಲ್ಲ ನಾನು ಅವನ ಜೊತೆ ಮಾತಾಡಲಿಲ್ಲ.

ಅವನಿಗೆ ಮದುವೆ ತಡವಾಗಿ ಆಯಿತು. ಹೆಂಡತಿಗೆ ಅದು ಎರಡನೆಯ ಮದುವೆ. ಆಕೆ ಬಟ್ಟೆ ಹೊಲಿಯುವವಳು. ಮೊದಲ ಗಂಡ ಸ್ವಂತ ಲಾರಿ ಇಟ್ಟುಕೊಂಡು ತಾನೇ ಓಡಿಸುತ್ತಿದ್ದವನು, ಜ್ವರ ಬಂದು ವಾರದೊಳಗೆ ಹೋಗಿಬಿಟ್ಟ. ಆಗ ಮಗಳಿಗೆ ಇನ್ನೂ ಮಾತು ಸರಿಯಾಗಿ ಬರುತ್ತಿರಲಿಲ್ಲ. ಆಕೆ ಒಬ್ಬಳೇ ಹೊಲಿಗೆ ಯಂತ್ರ ತುಳಿದು ಮಗುವನ್ನು ಸಾಕುತ್ತಿದ್ದಾಗ ಮೇಸ್ತ್ರಿ ತನ್ನ ಕೆಲಸದ ಅಂಗಿಗೆ ತೇಪೆ ಹಾಕಿಸಲು ಹೋಗಿ ಪರಿಚಯ ಮಾಡಿಕೊಂಡ. ಆಮೇಲೆ ವಾರಕ್ಕೊಂದು ತೇಪೆ ಶುರುವಾಯಿತು. ವೆಲ್ಡಿಂಗ್ ಕಿಡಿ ಬಿದ್ದು ತೂತಾಯಿತು ಅನ್ನುತ್ತಿದ್ದ. ಕಿಡಿ ತೋಳಿಗೆ ಬೀಳುವುದು ಸರಿ, ಬೆನ್ನಿಗೆ ಹೇಗೆ ಬಿತ್ತು ಎಂದು ನಾನು ಕೇಳಿದ್ದಕ್ಕೆ ಕಿವಿ ಕೆಂಪಗೆ ಮಾಡಿಕೊಂಡು ಗೋಡೆಯಾಚೆ ಹೋದ.

ಮದುವೆಯಾದ ಮೇಲೆ ಅವಳ ಜೊತೆಗೆ ಹೊಲಿಗೆ ಯಂತ್ರ ಬಂತು, ಮಗಳು ಬಂದಳು, ಆ ಲಾರಿಯೂ ಬಂತು. ಹಳೆಯ ಕಾಲದ ಮೂಗಿನ ಲಾರಿ. ಮುಂದೆ ಉದ್ದ ಮೂಗು, ಎರಡು ಕಡೆ ದುಂಡು ದೀಪ, ತಗಡು ಮಾತ್ರ ಇವತ್ತಿನ ಮೂರು ಲಾರಿಗೆ ಆಗುವಷ್ಟು ದಪ್ಪ. ಮೇಸ್ತ್ರಿ ಅದನ್ನು ಎಳೆಸಿಕೊಂಡು ಬಂದು ಶೆಡ್ಡಿನ ಹಿಂದೆ ನಿಲ್ಲಿಸಿ ಟಾರ್ಪಾಲು ಹೊದಿಸಿದ. ಅಷ್ಟೇ. ಊರಿನ ಲಾರಿಗಳನ್ನೆಲ್ಲ ನೆಟ್ಟಗೆ ಮಾಡಿದವನು ತನ್ನ ಹಿತ್ತಲಿನ ಲಾರಿಯ ಕಡೆ ತಿರುಗಿಯೂ ನೋಡಲಿಲ್ಲ. ಮಾರಲೂ ಇಲ್ಲ. ಮಾರಿದರೆ ಹೆಂಡತಿ ಬೇಜಾರು ಮಾಡಿಕೊಂಡಾಳು ಎಂಬುದು ಒಂದು ಹೆದರಿಕೆ, ಬೇಜಾರು ಮಾಡಿಕೊಂಡದ್ದನ್ನು ತಾನು ನೋಡಬೇಕಾಗುತ್ತದಲ್ಲ ಎಂಬುದು ಅದಕ್ಕಿಂತ ದೊಡ್ಡ ಹೆದರಿಕೆ.

ಅವಳು ಎಂದಾದರೂ ಹೋಲಿಸಿ ಮಾತಾಡಿದ್ದರೆ ಜಗಳ ಆಡಿ ಮುಗಿಸಬಹುದಿತ್ತು. ಅವಳು ಹೋಲಿಸುತ್ತಲೇ ಇರಲಿಲ್ಲ. ಇವನೇ ಹೋಲಿಸಿಕೊಳ್ಳುತ್ತಿದ್ದ. "ಅವರು ಬೆಳಿಗ್ಗೆ ಬೇಗ ಏಳ್ತಿದ್ರು" ಎಂದು ಅವಳು ಯಾವುದೋ ಮಾತಿಗೆ ಹೇಳಿದರೆ ಇವನು ಮರುದಿನದಿಂದ ಕೋಳಿಗಿಂತ ಮೊದಲು ಎದ್ದು ಶೆಡ್ಡಿನಲ್ಲಿ ತೂಕಡಿಸುತ್ತ ಕೂರುತ್ತಿದ್ದ. ಗೋಡೆಯ ಮೇಲಿನ ಫೋಟೋದಲ್ಲಿ ಆ ಮನುಷ್ಯ ಲಾರಿಯ ಬಂಪರಿನ ಮೇಲೆ ಕಾಲಿಟ್ಟು ಮೀಸೆಯಡಿ ನಗುತ್ತಿದ್ದಾನೆ ಎಂದು ಇವನು ತನ್ನ ಒಳ್ಳೆಯ ಮೀಸೆಯನ್ನು ಬೋಳಿಸಿಬಿಟ್ಟ. ಮಗಳು ಇವನನ್ನು ಮೊದಲಿನಿಂದಲೂ "ಅಪ್ಪ" ಅಂತಲೇ ಕರೆಯುತ್ತಿದ್ದಳು. ತೀರಿಕೊಂಡವನನ್ನು "ಲಾರಿ ಅಪ್ಪ" ಅನ್ನುತ್ತಿದ್ದಳು. ಅದಕ್ಕೂ ಇವನಿಗೆ ಕರುಬು. "ಅವನಿಗೆ ಒಂದು ಬಿರುದು ಇದೆ ನೋಡು, ನನಗೇನಿದೆ?" ಎಂದು ನನ್ನ ಹತ್ತಿರ ಗೊಣಗಿದ್ದ. ನಿನಗೆ ತಲೆ ಕೆಟ್ಟಿದೆ ಎಂದು ನಾನು ಬೈದಿದ್ದೆ.

ಅವನಿಗೆ ಬೇಕಾದದ್ದು ಹೆಚ್ಚೇನಲ್ಲ. ತನ್ನ ಕೈಯ ಒಂದು ಕೆಲಸ ನೋಡಿ ಹೆಂಡತಿ ಬಾಯಿಬಿಟ್ಟು "ಚೆನ್ನಾಗಿ ಮಾಡಿದೀರಿ" ಅನ್ನಬೇಕಿತ್ತು. ಆದರೆ ಚಾಸಿಯ ಕೆಲಸ ಯಾರಿಗೆ ಕಾಣುತ್ತದೆ? ಬಣ್ಣ ಬಳಿದವನನ್ನು ಜನ ಹೊಗಳುತ್ತಾರೆ, ಸೀಟು ಹೊಲಿದವನನ್ನು ಹೊಗಳುತ್ತಾರೆ. ಅಡಿಯಲ್ಲಿ ಮಲಗಿ ಕಣ್ಣಿಗೆ ತುಕ್ಕು ಉದುರಿಸಿಕೊಂಡವನ ಹೆಸರು ಎತ್ತುವುದು ಏನಾದರೂ ಮುರಿದಾಗ ಮಾತ್ರ.

ಮಗಳು ದೊಡ್ಡವಳಾಗಿ ಸಸಿಗಳ ವ್ಯಾಪಾರ ಶುರು ಮಾಡಿದಳು. ಹೂವಿನ ಗಿಡ, ಹಣ್ಣಿನ ಗಿಡ ಬೆಳೆಸಿ ಸಂತೆಗಳಿಗೆ ಒಯ್ಯುವುದು. ಪ್ರತಿ ಸಲ ಬಾಡಿಗೆ ಗಾಡಿಯವನ ಕೈಕಾಲು ಹಿಡಿದು ಸಾಕಾಗಿ, ಒಂದು ದಿನ ಶೆಡ್ಡಿಗೆ ಬಂದು ಟಾರ್ಪಾಲು ಎತ್ತಿ ನೋಡಿದಳು.

"ಅಪ್ಪ, ಇದನ್ನ ಎಬ್ಬಿಸೋಕಾಗುತ್ತಾ?"

ಮೇಸ್ತ್ರಿ ಕೈಯಲ್ಲಿದ್ದ ಗ್ರೈಂಡರ್ ಕೆಳಗಿಟ್ಟ. "ಯಾಕಮ್ಮ, ಬೇರೆ ನೋಡೋಣ. ಇದು ಹಳೇದು."

"ಎಂಜಿನ್ ಗಟ್ಟಿಯಿದೆ ಅಂತ ಮೆಕ್ಯಾನಿಕ್ ಹೇಳಿದ. ಚಾಸಿ ಒಂದು ನೋಡಿಸಿ ಅಂದ. ಚಾಸಿ ನೋಡೋಕೆ ಮನೇಲೇ ಜನ ಇರೋವಾಗ ನಾನು ಇನ್ಯಾರನ್ನ ಕೇಳಲಿ?"

ಇದಕ್ಕೆ ಅವನು ಏನು ಹೇಳಬಲ್ಲ? ಆಗುವುದಿಲ್ಲ ಅಂದರೆ ಕೆಲಸ ಬರುವುದಿಲ್ಲ ಎಂದಾಗುತ್ತದೆ, ಆಗುತ್ತದೆ ಅಂದರೆ ಸತ್ತವನ ಲಾರಿಗೆ ಮೈ ಬಗ್ಗಿಸಬೇಕು. ಮಗಳು ಹೋದ ಮೇಲೆ ನನ್ನ ಕಡೆ ಬಂದು ಟೈರೊಂದನ್ನು ಕಾಲಿನಿಂದ ಉರುಳಿಸುತ್ತ ನಿಂತ. ಆಮೇಲೆ ಅವನ ಕಣ್ಣಿಗೆ ಒಂದು ಕಳೆ ಬಂತು. "ಬಿಚ್ಚಿ ನೋಡಿದ್ರೆ ಗೊತ್ತಾಗುತ್ತೆ, ಅವನು ಗಾಡೀನ ಎಷ್ಟು ಚೆನ್ನಾಗಿ ಇಟ್ಕೊಂಡಿದ್ದ ಅಂತ" ಅಂದ. ಅದು ಹೊಗಳಿಕೆಯಲ್ಲ. ತಪ್ಪು ಹುಡುಕಲು ಹೊರಟವನ ಮಾತು.

ಕ್ಯಾಬಿನ್ ಚಾಸಿಯ ಮೇಲೆ ನೇರವಾಗಿ ಕೂರುವುದಿಲ್ಲ. ನಾಲ್ಕು ಮೂಲೆಗೆ ನಾಲ್ಕು ದಪ್ಪ ರಬ್ಬರು, ಅವುಗಳ ನಡುವೆ ಹಾದುಹೋಗುವ ಉದ್ದನೆಯ ಬೋಲ್ಟು. ಮೌಂಟಿಂಗ್ ರಬ್ಬರ್ ಎನ್ನುತ್ತಾರೆ. ರಸ್ತೆಯ ಪೆಟ್ಟು ಕೂತವರ ಬೆನ್ನಿಗೆ ತಾಗದ ಹಾಗೆ ನುಂಗುವುದು ಅದರ ಕೆಲಸ. ವರ್ಷಗಟ್ಟಲೆ ನಿಂತ ಲಾರಿಯಲ್ಲಿ ಆ ಬೋಲ್ಟುಗಳು ತುಕ್ಕು ಹಿಡಿದು ಕಬ್ಬಿಣದ ಜೊತೆ ಸಂಸಾರ ಹೂಡಿದ್ದವು. ಡೀಸೆಲ್ ಸುರಿದು ನೆನೆಸಿದೆವು, ಗ್ಯಾಸ್ ಉರಿಯಲ್ಲಿ ಕಾಯಿಸಿದೆವು. ಒಂದು ನಟ್ಟು ಒಳಗೊಳಗೇ ಗಿರಗಿರನೆ ತಿರುಗಿತೇ ಹೊರತು ಬಿಚ್ಚಲಿಲ್ಲ. ಕೊನೆಗೆ ಅದರ ಕತ್ತನ್ನೇ ಕೊಯ್ದ ಮೇಸ್ತ್ರಿ. ನಾನು ಚೈನ್ ಪುಲ್ಲಿ ಎಳೆದೆ. ಕ್ಯಾಬಿನ್ ನರಳುತ್ತ ಮೇಲೆದ್ದಿತು.

ಮೂರು ಮೂಲೆಯ ರಬ್ಬರುಗಳು ಗಟ್ಟಿಯಾಗಿ, ಚಪ್ಪಟೆಯಾಗಿ, ಮುಟ್ಟಿದರೆ ಪುಡಿ ಉದುರುತ್ತಿದ್ದವು. ವಯಸ್ಸಾದ ರಬ್ಬರು ಹಾಗೇ ಆಗುತ್ತದೆ. ಡ್ರೈವರ್ ಪಕ್ಕದ ಸೀಟಿನ ಕೆಳಗಿನದು ಮಾತ್ರ ಬೇರೆ. ಅದು ಒಂದೇ ತುಂಡಲ್ಲ. ಟ್ಯೂಬಿನ ರಬ್ಬರನ್ನು ದುಂಡಗೆ ಕತ್ತರಿಸಿ, ಪದರದ ಮೇಲೆ ಪದರ ಅಂಟಿಸಿ ಮಾಡಿದ ಬಿಲ್ಲೆ. ಹೆಬ್ಬೆರಳು ಒತ್ತಿದರೆ ಈಗಲೂ ಒಳಗೆ ಹೋಗುತ್ತಿತ್ತು. ಅದನ್ನು ಎತ್ತಿದ ಜಾಗದಲ್ಲಿ ತುಕ್ಕು ಒರೆಸಿದರೆ, ಬೋಲ್ಟಿನ ತೂತಿನಿಂದ ಚಾಸಿಯ ತೊಲೆಯ ಉದ್ದಕ್ಕೆ ಕೂದಲೆಳೆಯಂಥ ಬಿರುಕು.

ಮೇಸ್ತ್ರಿ ದಾರ ಎಳೆದು ನೋಡಿದ. ಗಂಟು ಮೂಲೆಗೆ ಬರಲಿಲ್ಲ. ತೊಲೆ ಆ ಕಡೆಗೆ ಕುಸಿದಿತ್ತು. ಆಗ ಅವನ ಮುಖ ನೋಡಬೇಕಿತ್ತು. ಹೆಣ್ಣು ಕೊಟ್ಟ ಮಾವ ಆಸ್ತಿ ಬರೆದುಕೊಟ್ಟರೂ ಅಷ್ಟು ಖುಷಿ ಆಗುತ್ತಿರಲಿಲ್ಲ.

"ನೋಡಿದ್ಯಾ? ಮೂರು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ. ಕ್ಯಾಬಿನ್ ಈ ಮೂಲೇಲಿ ಕುಣಿದಿದೆ. ಕುಣಿದು ಕುಣಿದು ತೊಲೆ ಬಿರುಕು ಬಿಟ್ಟಿದೆ. ಕೆಲಸ ಬರದೇ ಇರೋನು ಮಾಡಿದ್ದು ಇದು."

"ಪದರಗಳ ಅಂಚು ನೋಡು," ನಾನಂದೆ. ರಬ್ಬರು ನನ್ನ ಕಸುಬು, ಸುಮ್ಮನಿರಲಾಗಲಿಲ್ಲ. "ಬ್ಲೇಡಿನಲ್ಲಿ ಕೊಯ್ದಿದ್ದಲ್ಲ, ಕತ್ತರೀಲಿ ಕತ್ತರಿಸಿರೋದು. ತುಂಬಾ ತಾಳ್ಮೆಯಿಂದ ಮಾಡಿದಾನೆ."

"ತಾಳ್ಮೆಯಿಂದ ತಪ್ಪು ಮಾಡಿದಾನೆ" ಅಂದವನೇ ಬಿಲ್ಲೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿಕೊಂಡು ಮನೆಗೆ ಹೊರಟ. ಸಾಕ್ಷಿಗೆ ನಾನೂ ಬೇಕಂತೆ. ಕೈ ಹಿಡಿದು ಎಳೆದ.

ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಹೊಲಿಗೆ ಯಂತ್ರ. ಕುರ್ಚಿಯ ಬೆನ್ನಿಗೆ ಒಂದು ದಿಂಬು ಕಟ್ಟಿತ್ತು, ನೆಲದ ತುಂಬ ಬಟ್ಟೆಯ ಚೂರು. ಅವಳು ಯಾರದೋ ಅಂಗಿಗೆ ಕಾಲರು ಕೂರಿಸುತ್ತಿದ್ದಳು. ಮೇಸ್ತ್ರಿ ಬಿಲ್ಲೆಯನ್ನು ಯಂತ್ರದ ಹಲಗೆಯ ಮೇಲಿಟ್ಟು ಚಾಸಿಯ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದ. ಮೂರು ಗಟ್ಟಿ, ಒಂದು ಮೆತ್ತಗೆ, ಕುಣಿತ, ಬಿರುಕು. "ಇನ್ನು ಸ್ವಲ್ಪ ದಿನ ಓಡಿಸಿದ್ರೆ ತೊಲೆ ಎರಡು ತುಂಡಾಗಿರೋದು. ಕೆಲಸ ಗೊತ್ತಿಲ್ಲದೆ ಕೈ ಹಾಕಿದ್ರೆ ಹೀಗೇ ಆಗೋದು" ಎಂದು ಮುಗಿಸಿದ.

ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಒತ್ತಿದಳು. "ಇದು ಇನ್ನೂ ಇದೆಯಾ?" ಅಂದಳು.

"ಏನು ಅಂತ ಗೊತ್ತಾ ನಿನಗೆ?"

"ನನ್ನ ಕತ್ತರೀಲೇ ಕತ್ತರಿಸಿದ್ದಲ್ವಾ? ಬೇಡ ಅಂದ್ರೂ ಅವರು ಕೇಳಲಿಲ್ಲ. ಮಗಳು ಹುಟ್ಟಿದ ಮೇಲೆ ನನಗೆ ಸೊಂಟ ಹಿಡ್ಕೊಂಡಿತ್ತು. ಲಾರೀಲಿ ಕೂತ್ರೆ ಒಂದೊಂದು ಗುಂಡೀಗೂ ಪ್ರಾಣ ಹೋಗೋದು. ಅಮ್ಮನ ಮನೆಗೆ ಹೋಗಬೇಕು ಅಂದ್ರೆ ಬೇರೆ ಗಾಡಿ ಇರಲಿಲ್ಲ. ಒಂದಿನ ಹಳೇ ಟ್ಯೂಬ್ ತಂದು ಮಿಷನ್ ಪಕ್ಕ ನೆಲದ ಮೇಲೆ ಕತ್ತರಿಸ್ತಾ ಕೂತ್ರು. ನಾನು ಕೂರೋ ಕಡೆ ಮಾತ್ರ ಹಾಕಿದ್ರು." ಅವಳು ಬಿಲ್ಲೆಯನ್ನು ತಿರುಗಿಸಿ ನೋಡಿದಳು. "ಆಮೇಲೆ ಅಷ್ಟು ನೋವಾಗ್ತಿರಲಿಲ್ಲ."

ಮೇಸ್ತ್ರಿಯ ಕಣ್ಣು ಯಂತ್ರದ ಪಕ್ಕ ತೂಗುಹಾಕಿದ್ದ ದೊಡ್ಡ ಕತ್ತರಿಯ ಕಡೆ ಹೋಯಿತು. ಅದರ ಬಾಯಿ ಒಂದು ಕಡೆ ಮುಕ್ಕಾಗಿತ್ತು. ಬಟ್ಟೆ ಕಚ್ಚುತ್ತದೆ ಎಂದು ಅವಳು ಕೊಟ್ಟಾಗಲೆಲ್ಲ, ಮದುವೆಯಾದಾಗಿನಿಂದಲೂ, ಅದನ್ನು ಶೆಡ್ಡಿಗೆ ತಂದು ಸಾಣೆ ಹಿಡಿದು ಕೊಡುತ್ತಿದ್ದವನು ಇವನೇ. ಎಷ್ಟು ಹಿಡಿದರೂ ಮುಕ್ಕು ಹೋಗುತ್ತಿರಲಿಲ್ಲ. ಒಳ್ಳೆಯ ಕತ್ತರಿಯನ್ನು ಯಾವ ದಡ್ಡ ಹಾಳು ಮಾಡಿದ ಎಂದು ನನ್ನ ಮುಂದೆಯೇ ಎಷ್ಟೋ ಸಲ ಬೈದಿದ್ದ.

"ಹಾಗಾದ್ರೆ ಚಾಸಿ ಬಿರುಕು ಬಿಟ್ಟಿದ್ದು ನನ್ನ ಸೊಂಟದಿಂದಾನಾ?" ಎಂದು ಅವಳು ಕೇಳಿದಳು. ನಗುತ್ತಲೇ ಕೇಳಿದಳು. ಕಣ್ಣಲ್ಲಿ ನೀರಿತ್ತು.

"ಹಾಗಲ್ಲ" ಅಂದ ಮೇಸ್ತ್ರಿ. ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ನಾನು ಕಾಲರಿನ ಬಟ್ಟೆ ಚೆನ್ನಾಗಿದೆ ಅಂತ ಏನೋ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮೇಸ್ತ್ರಿ ಬಿಲ್ಲೆಯನ್ನು ಮತ್ತೆ ಪೇಪರಿನಲ್ಲಿ ಸುತ್ತಿಕೊಂಡು ಹೊರಟ. ಶೆಡ್ಡಿನ ಹತ್ತಿರ ಬಂದು ಬಿಲ್ಲೆಯನ್ನು ನನ್ನ ಗುಜರಿ ರಬ್ಬರಿನ ರಾಶಿಗೆ ಬೀಸಿ ಒಗೆದ. ನನಗೆ ಸಿಟ್ಟು ಬಂತು. ಇವನು ಕರೆದಾಗಲೆಲ್ಲ ಹೋಗಿ ಚೈನ್ ಎಳೆಯಬೇಕು, ಇವನ ಹೊಟ್ಟೆಕಿಚ್ಚಿಗೆ ಸಾಕ್ಷಿ ಹೇಳಬೇಕು, ಇವನ ಕಸಕ್ಕೂ ನನ್ನ ಶೆಡ್ಡೇ ಬೇಕು. ಆ ಹೆಂಗಸು ಯಾರ ಮೇಲೂ ಏನೂ ಹೇಳಲಿಲ್ಲ. ತಾನಾಗಿ ಹೋಗಿ ಬಾಯಿಗೆ ಮಣ್ಣು ಹಾಕಿಕೊಂಡು ಬಂದವನು ಇವನು. ಇಷ್ಟನ್ನೂ ಗೋಡೆಗೆ ಬಾಯಿಟ್ಟು ಹೇಳಿದೆ. ಆ ಕಡೆಯಿಂದ ಗ್ರೈಂಡರಿನ ಸದ್ದು ಜೋರಾಯಿತು.

ಅಂದಿನಿಂದ ಅವನು ಮಾಡಿದ ಕೆಲಸ ನಾನು ಅವನ ಕೈಯಲ್ಲಿ ನೋಡಿದ ಎಲ್ಲ ಕೆಲಸಕ್ಕಿಂತ ಮೇಲು. ಕೋಪಕ್ಕೂ ಒಂದು ಹದ ಇರುತ್ತದೆ, ಅವನದು ಕೈಗಿಳಿದಿತ್ತು. ಕುಸಿದ ತೊಲೆಯನ್ನು ಜಾಕಿ ಕೊಟ್ಟು ದಿನಕ್ಕಿಷ್ಟು ಎಂದು ಎತ್ತಿದ. ಬಿರುಕಿನ ಕೊನೆ ಎಲ್ಲಿದೆಯೋ ಅಲ್ಲಿ ಸಣ್ಣ ತೂತು ಕೊರೆದ. ಹಾಗೆ ಮಾಡದಿದ್ದರೆ ಬಿರುಕು ಬೆಸುಗೆಯನ್ನು ದಾಟಿ ಮುಂದೆ ಓಡುತ್ತದೆ. ಬೆಸೆದು, ಉಜ್ಜಿ, ಒಳಗಡೆಯಿಂದ ದಪ್ಪ ಪಟ್ಟಿ ಕೊಟ್ಟ. ಪಟ್ಟಿಯ ತುದಿಯನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸಿದ. ನೇರ ತುದಿಯ ಹತ್ತಿರ ಭಾರವೆಲ್ಲ ಒಂದೇ ಗೆರೆಯಲ್ಲಿ ಬಿದ್ದು ಅಲ್ಲೇ ಮತ್ತೆ ಸೀಳುತ್ತದಂತೆ. ಅಂಗಡಿಯಿಂದ ನಾಲ್ಕು ಹೊಸ ರಬ್ಬರು ತಂದ, ನಾಲ್ಕೂ ಒಂದೇ ಅಚ್ಚಿನವು, ಕಲ್ಲಿನಂಥವು. "ಈಗ ಎಲ್ಲ ಸಮ" ಎಂದು ಕ್ಯಾಬಿನ್ ಇಳಿಸಿದ. ದಾರ ಎಳೆದ. ಗಂಟು ಮೂಲೆಯಲ್ಲಿ ಬಂದು ಕೂತಿತು.

ಮಗಳು ಎಂಜಿನ್ ಶುರು ಮಾಡಿದ ದಿನ ಮೇಸ್ತ್ರಿ ಹೆಂಡತಿಯನ್ನೂ ಕರೆಸಿದ. ಅವಳು ಪಕ್ಕದ ಸೀಟಿನಲ್ಲಿ ಕೂತಳು. ಅವನು ಹತ್ತಲಿಲ್ಲ, ನೋಡಬೇಕು ಎಂದು ಕೆಳಗೇ ನಿಂತ. ಕಾರ್ಖಾನೆಯ ಉದ್ದ ಗೋಡೆಯ ಪಕ್ಕದ ರಸ್ತೆ ಹೊಂಡ ಬಿದ್ದು ಹಾಳಾಗಿದೆ, ಎಲ್ಲ ಮೆಕ್ಯಾನಿಕ್‌ಗಳೂ ಗಾಡಿ ಪರೀಕ್ಷೆ ಮಾಡುವುದು ಅಲ್ಲೇ. ಲಾರಿ ಅಲ್ಲಿಯವರೆಗೆ ಹೋಗಿ ತಿರುಗಿ ಬಂತು. ಒಂದು ಕಿರುಗುಟ್ಟುವ ಸದ್ದಿಲ್ಲ, ಒಂದು ಬಾಗಿಲು ಅಲುಗಲಿಲ್ಲ. ನನಗೇ ಎದೆ ಉಬ್ಬಿತು.

ಅವಳು ಇಳಿದು ಬಂದು ಚಾಸಿಯ ಹೊಸ ಪಟ್ಟಿಯನ್ನು ಬಗ್ಗಿ ನೋಡಿದಳು. ಯಾರೂ ನೋಡದ ಜಾಗವನ್ನು ಬಗ್ಗಿ ನೋಡಿದಳು. "ತುಂಬಾ ಗಟ್ಟಿಯಾಗಿದೆ. ಚೆನ್ನಾಗಿ ಮಾಡಿದೀರಿ" ಅಂದಳು.

ಇಷ್ಟು ವರ್ಷ ಕಾದ ಮಾತು ಅದು. ನಾನು ಮೇಸ್ತ್ರಿಯ ಕಡೆ ನೋಡಿದೆ. ಅವನು ಅವಳ ಮುಖ ನೋಡುತ್ತಿರಲಿಲ್ಲ. ಬಗ್ಗಿದವಳು ಎದ್ದು ನಿಲ್ಲುವಾಗ ಸೊಂಟದ ಮೇಲೆ ಇಟ್ಟುಕೊಂಡ ಕೈಯನ್ನು ನೋಡುತ್ತಿದ್ದ. ಅವಳು ನಡೆದು ಮನೆಯ ತಿರುವು ದಾಟುವವರೆಗೂ ಆ ಕೈ ಅಲ್ಲಿಂದ ಇಳಿಯಲಿಲ್ಲ.

ಮರುದಿನ ಮಧ್ಯಾಹ್ನ ಅವನು ನನ್ನ ಶೆಡ್ಡಿಗೆ ಬಂದು ಟೈರುಗಳ ಮೇಲೆ ಕೂತ. "ಮನೇಲಿ ಮಿಷನ್ ಸದ್ದು ಇಲ್ಲ" ಅಂದ. "ಬೆಳಿಗ್ಗೆಯಿಂದ ಮಲಗಿದಾಳೆ. ಏನೂ ಆಗಿಲ್ಲ ಅಂತಾಳೆ." ಬೇರೆ ಎಲ್ಲೋ ನೋಡುತ್ತ, "ಆ ರಬ್ಬರ್ ಇದೆಯಾ?" ಎಂದು ಕೇಳಿದ.

"ಯಾವ ರಬ್ಬರ್?" ಗೊತ್ತಿದ್ದೂ ಕೇಳಿದೆ. ಅಷ್ಟಾದರೂ ಆಟ ಆಡಿಸುವ ಹಕ್ಕು ನನಗಿತ್ತು.

"ನಾನು ಎಸೆದೆನಲ್ಲ, ಅದು."

"ನೀನು ಎಸೆದೆ. ನಾನು ಎಸೆದಿಲ್ಲ." ಕಿಟಕಿಯ ಮೇಲಿಟ್ಟಿದ್ದ ಬಿಲ್ಲೆಯನ್ನು ತಂದು ಕೈಗೆ ಕೊಟ್ಟೆ. ಒಳ್ಳೆಯ ಕೆಲಸವನ್ನು ಗುಜರಿ ರಾಶಿಯಲ್ಲಿ ಬಿಡಲು ನನಗೆ ಮನಸ್ಸು ಬಂದಿರಲಿಲ್ಲ. "ಸೀಟಿನ ಮೇಲೆ ಒಂದು ದಪ್ಪ ದಿಂಬು ಹಾಕಿದ್ರೆ ಮುಗಿದುಹೋಗುತ್ತೆ. ಮತ್ತೆ ಬಿಚ್ಚೋ ಹುಚ್ಚು ಯಾಕೆ?"

"ದಿಂಬು ಹಾಕೋದು ಅವನಿಗೂ ಗೊತ್ತಿತ್ತು. ಅವನು ದಿಂಬು ಹಾಕಿ ಕೈ ತೊಳ್ಕೊಳ್ಳಲಿಲ್ಲ. ನಾನು ಯಾಕೆ ಹಾಕಲಿ?"

"ಇದನ್ನ ಹಾಕಿದ್ರೆ ಚಾಸಿ ಮತ್ತೆ ಬಿರುಕು ಬಿಡುತ್ತೆ ಅಂತ ನೀನೇ ಸಾರಿದೆಯಲ್ಲ?"

"ಬಿಡುತ್ತೆ," ಅಂದ. "ಅವನಿಗೆ ರಬ್ಬರ್ ಗೊತ್ತಿತ್ತು, ಕಬ್ಬಿಣ ಗೊತ್ತಿರಲಿಲ್ಲ. ಆ ಮೂಲೆ ಕುಣಿಯುತ್ತೆ. ಕುಣಿಯಲಿ. ಕುಣಿದ್ರೂ ತಡ್ಕೊಳ್ಳೋ ಹಾಗೆ ಕೆಳಗಿನ ತೊಲೇನ ಕಟ್ಟಬೇಕು. ಅದು ನನಗೆ ಗೊತ್ತು."

ಹಳೆಯ ಬಿಲ್ಲೆಯ ಒಂದೆರಡು ಪದರ ಬಿಟ್ಟುಕೊಂಡಿದ್ದವು, ಮತ್ತೆ ಅದನ್ನೇ ಹಾಕುವಂತಿರಲಿಲ್ಲ. ಹೊಸದು ಮಾಡಿಕೊಡು ಎಂದು ನನ್ನನ್ನೇ ಹಿಡಿದ. ಹಳೆಯ ಟ್ಯೂಬುಗಳನ್ನು ಹರಡಿಕೊಂಡು ಕೂತೆವು. ಅಲ್ಲೂ ಅವನ ಬುದ್ಧಿ ಬಿಡಲಿಲ್ಲ. "ಅವನದಕ್ಕಿಂತ ಒಂದು ಪದರ ಜಾಸ್ತಿ ಹಾಕು. ಇನ್ನೂ ಮೆತ್ತಗಾಗಲಿ" ಅಂದ. ಹಾಕಿದೆ. ಕೂರಿಸಿ ನೋಡಿದರೆ ಆ ಕಡೆಯ ಬಾಗಿಲು ಮುಚ್ಚಲೇ ಇಲ್ಲ. ಕ್ಯಾಬಿನ್ ಆ ಮೂಲೆಯಲ್ಲಿ ಎದ್ದು ನಿಂತು ಬಾಗಿಲನ್ನು ಹಿಡಿದುಬಿಟ್ಟಿತ್ತು. ಒಂದು ಪದರ ತೆಗೆದೆ, ಆಗ ಮುಚ್ಚಿತು. ಪದರ ಎಣಿಸಿದರೆ ಸರಿಯಾಗಿ ಸತ್ತವನ ಲೆಕ್ಕ. "ಇನ್ನೊಂದು ತೆಗೆ, ಅವನಷ್ಟೇ ಯಾಕಿರಬೇಕು" ಅಂದ. ತೆಗೆದರೆ ಕ್ಯಾಬಿನ್ ವಾಲಿತು. ಮೇಸ್ತ್ರಿ ಹಲ್ಲು ಕಡಿದ. "ಅವನೂ ಹೀಗೇ ಹಾಕಿ ತೆಗೆದು ನೋಡಿರ್ತಾನೆ" ಅಂದೆ ನಾನು. ಅಂದು ಮೊದಲ ಸಲ ಅವನ ಮುಖದಲ್ಲಿ ಇನ್ನೊಬ್ಬ ಕೆಲಸಗಾರನ ಕೆಲಸ ನೋಡುವವನ ನೋಟ ಕಂಡೆ. ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಮತ್ತೆ ಅದೇ ಗಂಟು ಮುಖ.

ಕಬ್ಬಿಣದ ಕೆಲಸಕ್ಕೆ ನನ್ನನ್ನು ಸೇರಿಸಿಕೊಳ್ಳಲಿಲ್ಲ. ಆ ಮೂಲೆಯ ತೊಲೆಗೆ ಹೊರಗಡೆಯಿಂದ ಇನ್ನೊಂದು ಪಟ್ಟಿ ಕೊಟ್ಟ, ಎದುರಿನ ತೊಲೆಗೆ ಸೇರುವ ಹಾಗೆ ಹೊಸ ಅಡ್ಡಪಟ್ಟಿ ಕೂರಿಸಿದ, ಬೋಲ್ಟಿನ ತೂತಿಗೆ ದಪ್ಪ ಬಳೆ ಬೆಸೆದ. ಬೆಸುಗೆಯ ಬೆಳಕು ತಗಡಿನ ಸಂದಿಯಿಂದ ನನ್ನ ಕಡೆಗೂ ಬೀಳುತ್ತಿತ್ತು. ಮುಗಿದ ಮೇಲೆ ಆ ಒಂದು ಮೂಲೆ ಇಡೀ ಲಾರಿಗೆ ಆಗುವಷ್ಟು ಬಲವಾಗಿತ್ತು, ಅದರ ಮೇಲೆ ಕೂತಿದ್ದ ರಬ್ಬರು ಅಂಗೈಯಷ್ಟು ಮೆತ್ತಗಿತ್ತು.

ಅವಳಿಗೆ ಸೊಂಟ ಸ್ವಲ್ಪ ಹದಕ್ಕೆ ಬಂದ ಮೇಲೆ ಮತ್ತೆ ಹೊರಟರು. ಈ ಸಲ ಮೇಸ್ತ್ರಿಯೂ ಹತ್ತಿದ. ಮಗಳ ಕೈಯಲ್ಲಿ ಸ್ಟಿಯರಿಂಗು, ನಡುವೆ ಇವನು, ಕಿಟಕಿಯ ಕಡೆ ಅವಳು. ನಾನು ಹಿಂದೆ ಸಸಿಗಳ ಜೊತೆ ನಿಂತಿದ್ದೆ. ಕ್ಯಾಬಿನ್ನಿನ ಹಿಂದಿನ ಗಾಜು ಒಡೆದಿದ್ದರಿಂದ ಮಾತೆಲ್ಲ ಕೇಳುತ್ತಿತ್ತು. ಕಾರ್ಖಾನೆಯ ಗೋಡೆ ಬಂತು. ಮೊದಲ ಹೊಂಡಕ್ಕೆ ಗಾಡಿ ಇಳಿದಾಗ ಅವಳು ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡಳು. ಎರಡನೆಯದಕ್ಕೆ ಒಂದು ಕೈ ಬಿಟ್ಟಳು. ಗೋಡೆ ಮುಗಿಯುವ ಹೊತ್ತಿಗೆ ಸೀಟಿಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು.

"ಥೇಟ್ ಹಾಗೇ ಇದೆ" ಅಂದಳು.

ಹೆಗಲೆಲ್ಲ ಸುಟ್ಟುಕೊಂಡು ಕಟ್ಟಿದವನು ಇವನು, ಮಾತು ಹೋಗಿ ಸೇರಿದ್ದು ಸತ್ತವನಿಗೆ. ಹಿಂದಿನಿಂದ ನನಗೆ ಮೇಸ್ತ್ರಿಯ ಕತ್ತು ಮಾತ್ರ ಕಾಣುತ್ತಿತ್ತು. ಅದು ಕೆಂಪಗಾಯಿತು. ಅವನು ಏನೂ ಹೇಳಲಿಲ್ಲ. ಹೇಳದಿದ್ದುದಕ್ಕೆ ನಾನು ಅವನಿಗೆ ಆ ಹಿಂದಿನ ತಪ್ಪನ್ನೆಲ್ಲ ಮಾಫಿ ಮಾಡಿದೆ.

ಸಂತೆಯಲ್ಲಿ ಸಸಿ ಇಳಿಸಿ ವಾಪಸು ಹೊರಡುವಾಗ ಮೇಸ್ತ್ರಿ ಹತ್ತಲು ಕಾಲೆತ್ತಿದವನು ಬಾಗಿಲ ಹತ್ತಿರವೇ ಸೊಂಟ ಹಿಡಿದುಕೊಂಡು ನಿಂತ. ಜೀವನವೆಲ್ಲ ಲಾರಿಗಳ ಅಡಿಯಲ್ಲಿ ಅಂಗಾತ ಮಲಗಿದ ಬೆನ್ನು. ಯಾರ ಮುಂದೆಯೂ ಅವನು ಅದರ ಸುದ್ದಿ ಎತ್ತಿದವನಲ್ಲ. ಅವಳು ನೋಡಿದಳು.

"ನೀವು ಈ ಕಡೆ ಕೂತ್ಕೊಳ್ಳಿ" ಎಂದು ತಾನು ನಡುವೆ ಸರಿದಳು.

"ಬೇಡ. ಅದು ನಿನಗೆ ಅಂತ ಮಾಡಿದ್ದು."

"ಗೊತ್ತು ಯಾರಿಗೆ ಮಾಡಿದ್ದು ಅಂತ. ಯಾರು ಮಾಡಿದ್ದು ಅಂತಾನೂ ಗೊತ್ತು. ಕೂತ್ಕೊಳ್ಳಿ, ಹೊತ್ತಾಯ್ತು."

ಅವನು ಕೂತ. ಬಾಗಿಲು ಒಂದೇ ಏಟಿಗೆ ಮುಚ್ಚಿತು. ಕಾರ್ಖಾನೆಯ ಗೋಡೆಯ ಪಕ್ಕ ಬರುವಾಗ ಅವಳ ತಲೆ ಅವನ ಹೆಗಲಿಗೆ ತಾಗಿತ್ತು. ಅವನು ಮಾತ್ರ ಶಿಕ್ಷೆಗೆ ಕೂತವನ ಹಾಗೆ ನೆಟ್ಟಗೆ, ರಸ್ತೆಯನ್ನೇ ನೋಡುತ್ತ ಕೂತಿದ್ದ.

ಶೆಡ್ಡಿಗೆ ಬಂದು ತಾಯಿ ಮಗಳು ಮನೆಗೆ ಹೋದ ಮೇಲೆ ನನ್ನ ಹತ್ತಿರ ಬಂದ. ಕೈಯಲ್ಲಿ ದಾರದ ಉಂಡೆ ಇತ್ತು, ಸುಮ್ಮನೆ ಸುತ್ತುತ್ತ ಬಿಚ್ಚುತ್ತ ನಿಂತ.

"ಏನಯ್ಯ, ಇನ್ನಾದ್ರೂ ಹೊಟ್ಟೆ ತಣ್ಣಗಾಯ್ತಾ?" ಎಂದು ಕೇಳಿದೆ.

"ಹೊಟ್ಟೆ ಉರೀತಾನೇ ಇದೆ" ಅಂದ. "ಸೊಂಟಕ್ಕೆ ಮಾತ್ರ ಎಷ್ಟು ಹಾಯಾಗಿತ್ತು ಗೊತ್ತಾ. ಅದನ್ನೇ ತಡ್ಕೊಳ್ಳೋಕಾಗ್ತಿಲ್ಲ."